ಈಜುಕೊಳದ ಗುಂಡಿ: ಆಳ ತಪ್ಪಿದಾಗ ಸರಿಪಡಿಸುವ ಸೂತ್ರಗಳು

ಹಿತ್ತಲಲ್ಲಿ ಈಜುಕೊಳ ಕಟ್ಟಿಸುವವರು ಮೊದಲ ಗಮನ ಕೊಡಬೇಕಾದದ್ದು ಗುಂಡಿಯ ತಳಕ್ಕೆ. ಟೈಲ್ಸ್ ಕೆಟ್ಟರೆ ಬದಲಿಸಬಹುದು. ಕಾಂಕ್ರೀಟ್ ಬಿದ್ದ ಮೇಲೆ ತಳದ ತಪ್ಪನ್ನು ತಿದ್ದುವುದು ಬಲು ಕಷ್ಟ.

1. ಅಳತೆ ಕೊಳದ ಅಂಚಿನಿಂದ ಶುರುವಾಗಲಿ, ನೆಲದಿಂದಲ್ಲ. ಹಿತ್ತಲು ಸಾಮಾನ್ಯವಾಗಿ ಸಮತಟ್ಟಾಗಿರುವುದಿಲ್ಲ. ಅಂಚಿನ ಮಟ್ಟಕ್ಕೆ ಕಾಂಪೌಂಡ್ ಗೋಡೆಯ ಮೇಲೆ ಅಳಿಸದ ಗುರುತು ಹಾಕಿ, ಎಲ್ಲ ಆಳವನ್ನೂ ಅದರಿಂದಲೇ ಲೆಕ್ಕ ಹಿಡಿಯಿರಿ.

2. ನೀರಿನ ಆಳವೇ ಗುಂಡಿಯ ಆಳವಲ್ಲ. ನಾಲ್ಕೂವರೆ ಅಡಿ ನೀರು, ಅಂದರೆ 54 ಇಂಚು. ನೀರಿನಿಂದ ಅಂಚಿಗೆ 6, ಗಾರೆ ಮತ್ತು ಟೈಲ್ಸಿಗೆ 2, ಕಂಬಿ ಕಾಂಕ್ರೀಟಿಗೆ 8, ಅದರಡಿಯ ಕಂಬಿಯಿಲ್ಲದ ಕಾಂಕ್ರೀಟಿಗೆ (ಪಿಸಿಸಿ) 4. ಒಟ್ಟು 74 ಇಂಚು, ಆರಡಿ ಎರಡಿಂಚು. ಕಲ್ಲಿನ ಸೋಲಿಂಗ್ ಇದ್ದರೆ ಇನ್ನೂ ಅರ್ಧ ಅಡಿ. ಆಳ ಕಡಿಮೆಯಾದ ಗುಂಡಿಗಳಲ್ಲಿ ಈ ಪದರಗಳನ್ನು ಮರೆತಿರುವುದೇ ಹೆಚ್ಚು. ನಿಮ್ಮ ನಕ್ಷೆಯ ದಪ್ಪಗಳನ್ನು ಹಾಕಿ ನೀವೇ ಕೂಡಿಸಿ ನೋಡಿ.

3. ಕೊನೆಯ ಅರ್ಧ ಅಡಿ ಜೆಸಿಬಿಗೆ ಬೇಡ. ಬಕೆಟ್ಟಿನ ಹಲ್ಲು ತಳದ ಮಣ್ಣನ್ನು ಸಡಿಲಿಸುತ್ತದೆ. ಅಷ್ಟನ್ನು ಗುದ್ದಲಿ, ಪಿಕಾಸಿಯಲ್ಲಿ ತೆಗೆಸಿ.

4. ಹೆಚ್ಚು ಆಳವಾಯಿತೇ? ತೆಗೆದ ಮಣ್ಣನ್ನೇ ತಿರುಗಿ ತುಂಬಲು ಬಿಡಬೇಡಿ. ಮೇಸ್ತ್ರಿ ನೀರು ಹೊಡೆದು ದಿಮ್ಮಸು ಹಾಕುತ್ತೇನೆಂದರೂ ಒಪ್ಪಬೇಡಿ. ನಾಲ್ಕೂವರೆ ಅಡಿ ನೀರು ಪ್ರತಿ ಚದರಡಿಗೂ ಸುಮಾರು 127 ಕೆ.ಜಿ. ಭಾರ ಹಾಕುತ್ತದೆ. ತುಂಬಿದ ಮಣ್ಣು ಒಂದು ಕಡೆ ಕುಗ್ಗಿ, ಪಕ್ಕದ ಗಟ್ಟಿ ನೆಲ ಹಾಗೇ ನಿಂತರೆ ಹಾಸು ಆ ಗಡಿಯಲ್ಲೇ ಬಿರಿಯುತ್ತದೆ. ಕೆಲವೇ ಇಂಚು ಹೆಚ್ಚಾಗಿದ್ದರೆ ಪಿಸಿಸಿಯನ್ನೇ ದಪ್ಪ ಮಾಡಿ. ಅಡಿಗಟ್ಟಲೆ ಹೋಗಿದ್ದರೆ 1:4:8 ಕಾಂಕ್ರೀಟ್ ತುಂಬಿ, ಇಲ್ಲವೇ ಜಲ್ಲಿ ಮತ್ತು ಜಲ್ಲಿಪುಡಿಯನ್ನು ಅರ್ಧ ಅಡಿಗೊಂದು ಪದರವಾಗಿ ಹರಡಿ ಯಂತ್ರದಿಂದ ಅದುಮಿಸಿ. ಖರ್ಚು ಬರುತ್ತದೆ ನಿಜ, ಆದರೆ ಸೋರುವ ಕೊಳವನ್ನು ಒಡೆದು ಕಟ್ಟುವ ಖರ್ಚಿನ ಮುಂದೆ ಅದು ಸಣ್ಣದು.

5. ಬಂಡೆ ಸಿಕ್ಕರೆ ನಿಲ್ಲಿಸಿ, ಯೋಚಿಸಿ. ಬೆಂಗಳೂರು, ಕೋಲಾರ, ರಾಮನಗರದ ಕಡೆ ಇದು ಸಾಮಾನ್ಯ. ಮನೆಗಳ ನಡುವೆ ಸಿಡಿಮದ್ದಿನ ಮಾತೇ ಬೇಡ. ಬ್ರೇಕರ್ ಬಳಸಬಹುದು, ಇಲ್ಲವೇ ತೂತು ಕೊರೆದು ಹಿಗ್ಗುವ ರಾಸಾಯನಿಕ ಸುರಿದು ಸೀಳಬಹುದು. ಅರ್ಧ ತಳ ಬಂಡೆ, ಅರ್ಧ ಮಣ್ಣು ಎಂಬ ಸ್ಥಿತಿ ಎಲ್ಲಕ್ಕಿಂತ ಅಪಾಯದ್ದು. ಅಲ್ಲಿ ಮಣ್ಣಿನ ಭಾಗವನ್ನು ಗಟ್ಟಿ ನೆಲದವರೆಗೆ ತೆಗೆದು ಕಾಂಕ್ರೀಟ್ ತುಂಬಿಸಿ. ಬಂಡೆ ಜಗ್ಗದಿದ್ದರೆ ಕೊಳದ ಅಂಚನ್ನೇ ನೆಲದಿಂದ ಎತ್ತರಿಸಬಹುದು. ಆಗ ಮೇಲೆದ್ದ ಗೋಡೆಗೆ ಹಿಂದೆ ಮಣ್ಣಿನ ಆಸರೆ ಇರುವುದಿಲ್ಲವಾದ್ದರಿಂದ ಎಂಜಿನಿಯರ್ ಕಂಬಿಯ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು.

6. ಎರೆಮಣ್ಣಿನ ಸೀಮೆಯಲ್ಲಿ ಆಳ ಸರಿಯಿದ್ದರೂ ಸಾಲದು. ವಿಜಯಪುರ, ಗದಗದ ಕಪ್ಪು ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಎಷ್ಟು ಆಳ ತೆಗೆದು ಗರಸು ತುಂಬಬೇಕೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಲಿ.

7. ತಳದಲ್ಲಿ ನೀರು ಜಿನುಗಿದರೆ ಹಗುರವಾಗಿ ಕಾಣಬೇಡಿ. 8 ಇಂಚು ಕಾಂಕ್ರೀಟ್ ಹಾಸಿನ ತೂಕವನ್ನು ಅದರ ತಳದಿಂದ 20 ಇಂಚು ಮೇಲಿನವರೆಗೆ ನಿಂತ ಅಂತರ್ಜಲದ ಒತ್ತಡವೇ ಸರಿಗಟ್ಟುತ್ತದೆ. ಅಂತರ್ಜಲ ಅದಕ್ಕೂ ಮೇಲೇರಿದಾಗ ಕೊಳ ಖಾಲಿಯಿದ್ದರೆ ಹಾಸು ಬಿರಿಯಬಹುದು, ಇಡೀ ಕೊಳವೇ ಮೇಲೇಳಬಹುದು. ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ಪಂಪ್ ಇಡಿ, ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಕೂರಿಸಿ. ಕರಾವಳಿಯವರು ಬೇಸಿಗೆಯಲ್ಲಿ ತೋಡಿದರೂ ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಬರುತ್ತದೆಂದು ನೋಡಿಯೇ ಆಳ ತೀರ್ಮಾನಿಸಬೇಕು.

8. ಆಳ ತಿದ್ದಲು ಆಳುಗಳನ್ನು ಇಳಿಸುವ ಮೊದಲು ಬದಿಗಳನ್ನು ನೋಡಿ. ಒಂದೂವರೆ ಮೀಟರ್ ದಾಟಿದ ಗುಂಡಿಗೆ ಇಳಿಜಾರು ಅಥವಾ ಆಸರೆ ಬೇಕೇ ಬೇಕು. ತೆಗೆದ ಮಣ್ಣಿನ ರಾಶಿ ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರವಿರಲಿ. ಇದರಲ್ಲಿ ರಾಜಿ ಇಲ್ಲ, ಇದು ಜೀವದ ಪ್ರಶ್ನೆ.

9. ಪಿಸಿಸಿಗೆ ಮುಂಚೆ ನಾಲ್ಕು ಮೂಲೆ, ನಡುಭಾಗ ಮತ್ತು ತಳದ ಇಳಿಜಾರು ತಿರುಗುವ ಗೆರೆಯಲ್ಲಿ ಟ್ಯೂಬ್ ಲೆವೆಲ್ ಹಿಡಿದು ಅಳತೆ ಬರೆದಿಡಿ. ಅಷ್ಟರಲ್ಲಿ ಮಳೆ ಬಂದರೆ ಕೆಸರಿನ ಮೇಲೆ ಒಣಮಣ್ಣು ಎರಚಬೇಡಿ. ನೀರು ಹೊರಹಾಕಿ, ಕೆಸರು ಕೆರೆದು, ಗಟ್ಟಿ ನೆಲ ಕಂಡ ಮೇಲೆ ಮತ್ತೊಮ್ಮೆ ಅಳೆಯಿರಿ. ಕೆರೆದಷ್ಟನ್ನು ಪಿಸಿಸಿ ತುಂಬಲಿ.