ಮೈಲೇಜ್ ಬಿತ್ತು ಅಂತ ಇಂಜೆಕ್ಟರ್ ಬಿಚ್ಚಿಸಬೇಡ

ಲೀಟರಿಗೆ 14 ಕೊಡ್ತಿದ್ದ ಪಿಕಪ್ಪು 11ಕ್ಕೆ ಇಳಿದಿದೆ, ಗ್ಯಾರೇಜಿನವರು ಇಂಜೆಕ್ಟರ್ ಬಿಚ್ಚಬೇಕು ಅಂತಿದ್ದಾರೆ ಅಂದೆಯಲ್ಲ, ಒಂದು ಮಾತು ಕೇಳು ತಮ್ಮಾ. 100 ಕಿಲೋಮೀಟರಿಗೆ ಹತ್ತಿರ ಹತ್ತಿರ 2 ಲೀಟರ್ ಹೆಚ್ಚು ಕುಡಿದ ಹಾಗಾಯ್ತು. ಕೋಲಾರದ ಮಂಡಿಯಿಂದ ಬೆಂಗಳೂರಿಗೆ ಟೊಮೆಟೊ ಹೊಡೆಯೋನಿಗೆ ಅದು ಸಣ್ಣ ಲೆಕ್ಕವಲ್ಲ, ಒಪ್ಪಿದೆ. ಆದರೆ ಕಾಮನ್ ರೈಲ್ ಗಾಡಿಯಲ್ಲಿ ಇಂಜೆಕ್ಟರ್ ಕೊನೆಗೆ ಮುಟ್ಟುವ ಸಾಮಾನು. ಧೂಳಿನ ಶೆಡ್ಡಿನಲ್ಲಿ ಬಿಚ್ಚಿದರೆ ಇಲ್ಲದ ಕಾಯಿಲೆ ಬಂದು ಸೇರುತ್ತೆ.

ಮೊದಲು ಇದು ಹೇಳು: 11 ಅಂತ ಹೇಗೆ ಗೊತ್ತಾಯ್ತು? ಎರಡು ಸಾವಿರಕ್ಕೆ ಹಾಕಿಸಿ ಮುಳ್ಳು ನೋಡಿ ಹೇಳೋದು ಅಂದಾಜು, ಲೆಕ್ಕವಲ್ಲ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡು. ಡೀಸೆಲ್ ನೊರೆ ಬರುತ್ತೆ, ಅದಕ್ಕೇ ನಾಜಲ್ ಬೇಗ ಕಟ್ ಆಗುತ್ತೆ. ಹುಡುಗ ರೌಂಡ್ ಫಿಗರ್ ಮಾಡಲಿಕ್ಕೆ ಮತ್ತೆ ಮತ್ತೆ ಒತ್ತುತ್ತಾನೆ. ಅಲ್ಲೇ ಒಂದೆರಡು ಲೀಟರಿನ ತಪ್ಪು ನುಸುಳುತ್ತೆ. ಆದ್ದರಿಂದ ಅದೇ ಬಂಕು, ಅದೇ ಮಷೀನು, ಸಣ್ಣ ಧಾರೆಯಲ್ಲಿ ಹಾಕಿಸೋದು, ಮೊದಲ ಕಟ್ಟಿಗೇ ನಿಲ್ಲಿಸೋದು. ಮುನ್ನೂರು ಕಿಲೋಮೀಟರ್ ದಾಟಿದ ಮೇಲೆ ಮತ್ತೆ ಫುಲ್ ಮಾಡಿಸಿ ಭಾಗಿಸು. ಒಂದು ಸಲದ ಲೆಕ್ಕ ನಂಬಬೇಡ, ಇನ್ನೂ ಎರಡು ಟ್ಯಾಂಕ್ ನೋಡು. ಬಂಕಿನ ಮೇಲೆ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆ ಕೇಳು. ಅದು ಅಲ್ಲಿ ಇರಲೇಬೇಕು, ಕೇಳೋದಕ್ಕೆ ಸಂಕೋಚ ಬೇಡ.

ಟೈರ್ ಬದಲಾಯಿಸಿದ್ದೀಯಾ? ಕಂಪನಿ ಸೈಜಿಗಿಂತ ಎತ್ತರದ ಟೈರ್ ಹಾಕಿದರೆ ಓಡಿದ ದೂರವನ್ನು ಮೀಟರ್ ಕಡಿಮೆ ತೋರಿಸುತ್ತೆ. ಆಗ ಗಾಡಿ ಸರಿಯಾಗೇ ಇರುತ್ತೆ, ಕಾಗದದ ಮೇಲೆ ಮೈಲೇಜ್ ಬಿದ್ದಿರುತ್ತೆ. ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ನೋಡಿಸಬೇಕು ಅನ್ನೋದು ನಿನಗೆ ಗೊತ್ತೇ ಇದೆ.

ಮೈಲೇಜ್ ಒಂದೇ ವಾರದಲ್ಲಿ ಬಿತ್ತೋ, ತಿಂಗಳುಗಟ್ಟಲೆ ಜಾರುತ್ತಾ ಬಂತೋ, ಅದನ್ನೂ ನೆನಪು ಮಾಡಿಕೊ. ದಿಢೀರ್ ಬಿದ್ದರೆ ಏನೋ ಹಿಡಿದುಕೊಂಡಿದೆ, ಬಿಚ್ಚಿಕೊಂಡಿದೆ ಇಲ್ಲವೇ ಸೋರುತ್ತಿದೆ. ಮೆಲ್ಲಗೆ ಇಳಿದರೆ ಕಟ್ಟಿಕೊಂಡ ಫಿಲ್ಟರು, ಸವೆದ ಸಾಮಾನು. ಲೋಡನ್ನೂ ಮರೆಯಬೇಡ. ಹೋದ ತಿಂಗಳು ಹೂವು ಹೊಡೆದವನು ಈಗ 15 ಕಿಲೋದ ನೂರು ಕ್ರೇಟ್ ಏರಿಸಿದರೆ ಒಂದೂವರೆ ಟನ್ ಆಯ್ತು. ಎರಡಕ್ಕೂ ಒಂದೇ ಮೈಲೇಜ್ ಕೇಳೋದು ನ್ಯಾಯವಲ್ಲ.

ಹೆಚ್ಚಿನವರು ನೋಡದೇ ಬಿಡೋದು ಬ್ರೇಕ್. ಸಮತಟ್ಟು ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಒತ್ತದೇ ಗಾಡಿ ತಾನಾಗಿ ನಿಧಾನವಾಗುವ ಹಾಗೆ ಬಿಟ್ಟು ನಿಲ್ಲಿಸು. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡು, ಮುಟ್ಟಬೇಡ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದಿದೆಯಾ ನೋಡಿಸು. ಕಟ್ಟಿಹಾಕಿದ ಎತ್ತನ್ನು ಬಾರುಕೋಲಿನಿಂದ ಹೊಡೆದ ಹಾಗೆ, ಹಿಡಿದ ಬ್ರೇಕಿನ ಗಾಡಿಗೆ ಎಕ್ಸಲೇಟರ್ ಒತ್ತಿ ಏನು ಪ್ರಯೋಜನ?

ಇನ್ನೊಂದು ನಮ್ಮ ಕಡೆಯ ಚಾಳಿ. ಬೇಸಿಗೆಯಲ್ಲಿ ಹೀಟ್ ಆಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡ್ತಾರೆ. ಇಂಜಿನ್ ತನ್ನ ಶಾಖಕ್ಕೆ ಬರೋದೇ ಇಲ್ಲ. ಇನ್ನೂ ತಣ್ಣಗಿದೆ ಅಂತ ತಿಳಿದು ಕಂಪ್ಯೂಟರ್ ಡೀಸೆಲ್ ಹೆಚ್ಚು ಬಿಡುತ್ತೆ. ಹೈವೇಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಾರದೇ ಕೆಳಗೇ ಬಿದ್ದಿದ್ದರೆ ಸಂಶಯ ಪಡು. ಕಿತ್ತವರು ಯಾರು ಅಂತ ಜಗಳ ಮಾಡದೇ ಹೊಸದು ಹಾಕಿಸು.

ಹೊಗೆ ನೋಡಿ ರೋಗ ಹೇಳೋದು ಹಳೇ ವಿದ್ಯೆ. ಏರಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ನೋಡು, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಕ್ಲಿಪ್ ನೋಡು. ಹೋಸು ಬಿರುಕು ಬಿಟ್ಟಿದ್ದರೆ ಎಳೆತ ಇರಲ್ಲ, ಎಕ್ಸಲೇಟರ್ ಒತ್ತಿದಾಗ ಬುಸ್ ಅನ್ನುತ್ತೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಆದರೆ ನಿನ್ನದು 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್6 ಗಾಡಿ. ಅದರ ಡಿಪಿಎಫ್ ಮಸಿಯನ್ನು ಒಳಗೇ ಹಿಡಿದಿಡುತ್ತೆ, ಹೊಗೆ ಹೊರಗೆ ಕಾಣಲ್ಲ. ಹೊಗೆ ಇಲ್ಲ ಅಂತ ಆರೋಗ್ಯ ಅಂದುಕೊಳ್ಳಬೇಡ. ಮಸಿ ತುಂಬಿದಾಗ ಗಾಡಿ ಹೆಚ್ಚುವರಿ ಡೀಸೆಲ್ ಉರಿಸಿ ಅದನ್ನು ಸುಡುತ್ತೆ. ಅರ್ಧದಲ್ಲೇ ಆಫ್ ಮಾಡಿದರೆ ಮುಂದಿನ ಸಲ ಮತ್ತೆ ಶುರು. ಬರೀ ಊರೊಳಗೆ ಮೂರು ಮೂರು ಕಿಲೋಮೀಟರ್ ಓಡಿಸುವವರಿಗೆ ಈ ಗೋಳು ಹೆಚ್ಚು. ಡಿಪ್‌ಸ್ಟಿಕ್ ಎಳೆದು ನೋಡು: ಆಯಿಲ್ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ತಡಮಾಡದೇ ಶೋರೂಮಿಗೆ ಒಯ್ಯಿ.

ಏರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟ್ಯಾಂಕಿನಿಂದ ಫಿಲ್ಟರಿನವರೆಗೆ ಪೈಪ್ ಒದ್ದೆ ಇದೆಯಾ ಅಂತಲೂ ಕಣ್ಣು ಹಾಯಿಸು.

ಗಾಡಿಯಲ್ಲಿ ಏನೂ ಸಿಗದಿದ್ದರೆ ಡ್ರೈವರನ್ನು ನೋಡಬೇಕು, ಅದು ನೀನೇ ಆದರೂ. ಮಂಡಿಯ ಕ್ಯೂನಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು ಹಾಡು ಕೇಳ್ತಾ ಕೂತರೆ ಡೀಸೆಲ್ ಹೋಗುತ್ತೆ, ಕಿಲೋಮೀಟರ್ ಬರಲ್ಲ. 60ರಲ್ಲಿ ಹೋಗೋನು 80ಕ್ಕೆ ಏರಿಸಿದರೆ ಎದುರು ಗಾಳಿಯ ತಡೆ ಮುಕ್ಕಾಲು ಪಾಲು ಹೆಚ್ಚಾಗುತ್ತೆ. ಅದರ ಮೇಲೆ ಪಟಪಟ ಹೊಡೆದುಕೊಳ್ಳುವ ಸಡಿಲ ಟಾರ್ಪಾಲಿನ್ ಬೇರೆ.

ಇಷ್ಟೆಲ್ಲ ಸರಿಯಿದ್ದರೆ ಆಗ ಇಂಜೆಕ್ಟರ್ ಮಾತು. ಆಗಲೂ ಮೊದಲು ಸ್ಕ್ಯಾನರ್ ಹಾಕಿಸು. ಆಮೇಲೆ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಚಾಲೂ ಮಾಡಲಿ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತೋ ಆ ಇಂಜೆಕ್ಟರ್ ಮೇಲೆ ಸಂಶಯ. ಬಿಚ್ಚಿದ್ದನ್ನು ಟೆಸ್ಟ್ ಬೆಂಚಿಗೆ ಹಾಕಿಸಿ ರಿಪೋರ್ಟ್ ಕೇಳು. ಇದ್ಯಾವುದನ್ನೂ ಮಾಡದೇ ನಾಲ್ಕೂ ಬದಲಾಯಿಸಲೇಬೇಕು ಅನ್ನೋ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡ.