ಹಾಯಿಹಡಗೂ ಸಿಡಿಲೂ

ಕಾರ್ಮೋಡಗಳು ಕವಿದು ಗುಡುಗುಮಿಂಚುಗಳು ತೋರುವಾಗ ಬಯಲಿನ ಒಂಟಿಮರದ ಕೆಳಗೆ ನಿಲ್ಲಬಾರದೆಂದು ಹಿರಿಯರು ಮಕ್ಕಳಿಗೆ ಎಚ್ಚರಿಕೆ ಹೇಳುವರು. ಬಯಲಿನಲ್ಲಿ ಒಂಟಿಮರವು ಹೇಗೋ ನಡುಗಡಲಿನಲ್ಲಿ ಹಾಯಿಹಡಗಿನ ಕೂವೆಕಂಬವು ಹಾಗೆ. ಸುತ್ತಲೂ ಹರದಾರಿಗಟ್ಟಲೆ ಸಮತಟ್ಟಾದ ನೀರು. ಅದರ ನಡುವೆ ತಲೆಯೆತ್ತಿ ನಿಂತಿರುವುದು ಅದೊಂದೇ. ಮರದಡಿಯಲ್ಲಿರುವವನು ಮನೆಗೆ ಓಡಿಹೋಗಬಹುದು; ಹಡಗಿನಲ್ಲಿರುವವನು ಎಲ್ಲಿಗೆ ಓಡುವನು? ಆದುದರಿಂದ ಹಡಗನ್ನು ಸಿಡಿಲಿನಿಂದ ಕಾಪಾಡುವ ಉಪಾಯವು ಹೇಗೆ ದೊರಕಿತೆಂಬುದು ನಾವು ತಿಳಿಯತಕ್ಕ ವಿಷಯವಾಗಿದೆ.

ಸಿಡಿಲೆಂಬುದು ಮೋಡಕ್ಕೂ ಭೂಮಿಗೂ ನಡುವೆ ಕ್ಷಣಮಾತ್ರದಲ್ಲಿ ಹರಿಯುವ ವಿದ್ಯುತ್ಪ್ರವಾಹವು. ಸಾಧಾರಣವಾದ ಒಂದು ಸಿಡಿಲಿನಲ್ಲಿ ಸುಮಾರು 30,000 ಆಂಪಿಯರುಗಳಷ್ಟು ಪ್ರವಾಹವು ಇರುವುದು. ಅದು ಹಾದುಹೋಗುವ ದಾರಿಯಲ್ಲಿನ ಗಾಳಿಯು ಸೂರ್ಯನ ಮೇಲ್ಮೈಗಿಂತ ಹಲವು ಪಾಲು ಹೆಚ್ಚಾಗಿ ಕಾಯುವುದು. ತಾಮ್ರವು ಇಂಥ ಪ್ರವಾಹಕ್ಕೆ ಸುಲಭವಾಗಿ ದಾರಿಗೊಡುವುದು, ಮರವಾದರೋ ತಡೆಯೊಡ್ಡುವುದು. ತಡೆಯಿದ್ದಲ್ಲಿ ಕಾವು ಹುಟ್ಟುವುದು. ಆಗ ಮರದೊಳಗಣ ತೇವವು ಒಮ್ಮೆಗೇ ಆವಿಯಾಗಿ ಹಿಗ್ಗಿ, ಕೂವೆಯನ್ನು ಒಳಗಿನಿಂದಲೇ ಸೀಳಿಬಿಡುವುದು. ಅಲ್ಲಿಂದ ಪ್ರವಾಹವು ನೀರನ್ನು ಸೇರಲು ಕಂಡಕಂಡ ಮೊಳೆ, ಸರಪಳಿ, ಮನುಷ್ಯ ಎಂಬ ಭೇದವಿಲ್ಲದೆ ಹಾಯುವುದು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು 1750ರ ಸುಮಾರಿಗೆ ಕಟ್ಟಡಗಳಿಗೆ ಮಿಂಚುಸಲಾಕೆಯನ್ನು ಸೂಚಿಸಿದನು. ಕೆಲವು ವರ್ಷಗಳಲ್ಲಿಯೇ ಹಡಗುಗಳಿಗೂ ಇದೇ ತತ್ತ್ವವನ್ನು ಅನ್ವಯಿಸಿ, ಕೂವೆಯ ತುದಿಯಿಂದ ನೀರಿನವರೆಗೆ ಲೋಹದ ಸರಪಳಿಯನ್ನು ಇಳಿಬಿಡುವ ಪದ್ಧತಿಯು ಬಂದಿತು. ಇದರ ಪ್ರಯೋಜನವು 1770ನೆಯ ಅಕ್ಟೋಬರಿನಲ್ಲಿ, ಈಗ ಜಕಾರ್ತವೆನಿಸಿರುವ ಬಟಾವಿಯದ ಬಂದರಿನಲ್ಲಿ ಚೆನ್ನಾಗಿ ಕಂಡುಬಂದಿತು. ಅಲ್ಲಿ ನಾಯಕ ಜೇಮ್ಸ್ ಕುಕ್ಕನ ಎಂಡೆವರ್ ಎಂಬ ಹಡಗೂ, ಅದರ ಸಮೀಪದಲ್ಲಿ ಡಚ್ಚರ ಒಂದು ವ್ಯಾಪಾರದ ಹಡಗೂ ಲಂಗರು ಹಾಕಿದ್ದುವು. ಒಂದು ರಾತ್ರಿ ಸಿಡಿಲು ಬಡಿಯಿತು. ಡಚ್ಚರ ಹಡಗಿನ ದೊಡ್ಡ ಕೂವೆಯು ಸೀಳಿಹೋಯಿತು. ಎಂಡೆವರಿನಲ್ಲಿ ಸರಪಳಿಯು ಬೆಂಕಿಯ ಗೆರೆಯಂತೆ ಹೊಳೆಯಿತು, ಹಡಗು ಭೂಕಂಪವಾದಂತೆ ನಡುಗಿತು. ಆದರೆ ಹಡಗು ಉಳಿಯಿತು. ಆ ಸರಪಳಿಯನ್ನು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಮೇಲೇರಿಸಿದ್ದರು!

ಈ ಕಡೆಯ ಮಾತಿನಲ್ಲಿಯೇ ಆ ಪದ್ಧತಿಯ ದೋಷವು ಅಡಗಿದೆ. ಸರಪಳಿಯು ಹಾಯಿಹಗ್ಗಗಳ ಕೆಲಸಕ್ಕೆ ಅಡ್ಡಿಯೆಂದು ನಾವಿಕರು ಅದನ್ನು ಪೆಟ್ಟಿಗೆಯಲ್ಲಿಡುತ್ತಿದ್ದರು. ಬಿರುಗಾಳಿ ಬಂದಾಗ, ಕೈಗಳೆಲ್ಲವೂ ಹಾಯಿಗಳನ್ನು ಸುತ್ತುವುದರಲ್ಲಿ ತೊಡಗಿರುವ ಹೊತ್ತಿನಲ್ಲಿ, ಯಾರಾದರೊಬ್ಬನು ಪ್ರಾಣದಾಸೆಯನ್ನು ಬಿಟ್ಟು ಕೂವೆಯನ್ನೇರಿ ಅದನ್ನು ಕಟ್ಟಬೇಕಾಗಿತ್ತು. ಆದಕಾರಣ ಪೆಟ್ಟಿಗೆಯಲ್ಲಿ ಸರಪಳಿಯಿದ್ದ ಹಡಗುಗಳೇ ಸಿಡಿಲಿಗೆ ತುತ್ತಾದುದುಂಟು.

ಇಂಗ್ಲೆಂಡಿನ ಪ್ಲಿಮತ್ ಬಂದರಿನ ವೈದ್ಯನಾದ ವಿಲಿಯಂ ಸ್ನೋ ಹ್ಯಾರಿಸನು (1791–1867) ಇದನ್ನು ಕುರಿತು ಆಲೋಚಿಸಿದನು. ವಾಹಕವು ಹಡಗಿಗೆ ತೊಡಿಸುವ ವಸ್ತುವಾಗಿರಕೂಡದು, ಹಡಗಿನ ಅಂಗವೇ ಆಗಿರಬೇಕೆಂಬುದು ಅವನ ನಿಶ್ಚಯ. 1820ರಲ್ಲಿ ಅವನು ತನ್ನ ಯೋಜನೆಯನ್ನು ಮುಂದಿಟ್ಟನು. ಅಗಲವಾದ ತಾಮ್ರದ ಪಟ್ಟಿಗಳನ್ನು ಕೂವೆಯ ಉದ್ದಕ್ಕೂ ಮರದಲ್ಲಿಯೇ ಹುದುಗಿಸಿ, ಹಡಗಿನ ಬೆನ್ನೆಲುಬಿನಂತಿರುವ ಅಡಿಮರದ ಲೋಹದ ಕೀಲುಗಳಿಗೂ, ತಳಕ್ಕೆ ಹೊದಿಸಿದ ತಾಮ್ರದ ತಗಡಿಗೂ ಕೂಡಿಸುವುದೇ ಆ ಯೋಜನೆ. ಕೂವೆಯ ಮೇಲ್ತುಂಡನ್ನು ಕೆಳಗಿಳಿಸಿದರೂ ದಾರಿಯು ಕಡಿಯದಂತೆ ಅವನು ಜೋಡಣೆಮಾಡಿದನು.

ಆದರೆ ಅಧಿಕಾರಿಗಳು ಬಹುಕಾಲ ಒಪ್ಪಲಿಲ್ಲ. ಮದ್ದಿನ ಕೋಣೆಯುಳ್ಳ ಯುದ್ಧನೌಕೆಯ ಹೊಟ್ಟೆಯೊಳಕ್ಕೆ ಸಿಡಿಲನ್ನು ನಾವಾಗಿ ಕರೆತರುವುದೇ ಎಂದು ಹಲವರು ಭಯಪಟ್ಟರು. ಕೂವೆಯು ಎತ್ತರವಾಗಿರುವುದರಿಂದ ಸಿಡಿಲು ಹೇಗೂ ಬರುವುದು. ಬಂದುದಕ್ಕೆ ಒಳ್ಳೆಯ ದಾರಿಯಿದ್ದರೆ ಅದು ಬಿಸಿಯನ್ನು ಹುಟ್ಟಿಸದೆ ಹೊರಟುಹೋಗುವುದೆಂಬುದೇ ಈ ಭಯಕ್ಕೆ ಉತ್ತರ.

ಪರೀಕ್ಷಾರ್ಥವಾಗಿ ಕೆಲವು ನೌಕೆಗಳಿಗೆ ಈ ಪಟ್ಟಿಗಳನ್ನು ಅಳವಡಿಸಿದರು. ಅವುಗಳಲ್ಲೊಂದು, 1831ರಿಂದ 1836ರವರೆಗೆ ಚಾರ್ಲ್ಸ್ ಡಾರ್ವಿನನನ್ನು ಕೊಂಡೊಯ್ದ ಪ್ರಸಿದ್ಧವಾದ ಬೀಗಲ್ ಹಡಗು. ಅದು ಸಿಡಿಲಿನಿಂದ ಹಾನಿಹೊಂದದೆ ಹಿಂದಿರುಗಿತು. ದಕ್ಷಿಣ ಅಮೆರಿಕದ ಮಾಂಟೆವಿಡಿಯೋ ನಗರದಲ್ಲಿ ಸಿಡಿಲು ಬಡಿದಿದ್ದ ಒಂದು ಮನೆಯನ್ನು ಡಾರ್ವಿನನು ನೋಡಿದನು. ಕರೆಗಂಟೆಯ ತಂತಿಯು ಗೋಡೆಯಲ್ಲಿ ಹಾದುಹೋಗಿದ್ದ ಕಡೆ ಎರಡು ಪಕ್ಕಗಳಲ್ಲಿಯೂ ಸುಮಾರು ಒಂದೊಂದು ಅಡಿಯಷ್ಟು ಕಾಗದವು ಕಪ್ಪಾಗಿದ್ದಿತು. ತಂತಿಯು ಕರಗಿ ಹನಿಹನಿಯಾಗಿ ಸಿಡಿದು ಕುರ್ಚಿಗಳಲ್ಲಿ ತೂತುಗಳನ್ನು ಮಾಡಿದ್ದಿತು. ಲೋಹವಿದ್ದರೆ ಸಾಲದು, ಪ್ರವಾಹವನ್ನು ತಾಳುವಷ್ಟು ದಪ್ಪವೂ ಇರಬೇಕೆಂಬ ಪಾಠಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವೇಕೆ? ಕಡೆಗೆ 1842ರಲ್ಲಿ ಬ್ರಿಟಿಷ್ ನೌಕಾದಳವು ಹ್ಯಾರಿಸನ ಪದ್ಧತಿಯನ್ನು ಅಂಗೀಕರಿಸಿತು. ಯೋಜನೆಗೂ ಅಂಗೀಕಾರಕ್ಕೂ ನಡುವೆ 22 ವರ್ಷಗಳು ಕಳೆದಿದ್ದುವು. 1847ರಲ್ಲಿ ಅವನಿಗೆ ಸರ್ ಪದವಿಯು ದೊರೆಯಿತು.

ಇಂದಿನ ಹಾಯಿದೋಣಿಗಳ ಕೂವೆಯು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದು. ಅದೇ ಒಳ್ಳೆಯ ವಾಹಕ. ಆದರೆ ದೋಣಿಯ ಮೈಯು ನಾರುಗಾಜಿನದಾದರೆ ಪ್ರವಾಹವು ಅಲ್ಲಿ ನಿಂತುಹೋಗಿ ಒಡಲನ್ನು ತೂತುಮಾಡಬಲ್ಲದು. ಆದುದರಿಂದ ಕೂವೆಯ ಬುಡದಿಂದ ದಪ್ಪನಾದ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ, ಚೂಪಾದ ತಿರುವುಗಳಿಲ್ಲದೆ ಇಳಿಸಿ, ನೀರಿನೊಳಗೆ ಕಡಿಮೆಯೆಂದರೆ ಒಂದು ಚದರಡಿ ವಿಸ್ತಾರದ ಲೋಹದ ಫಲಕಕ್ಕೆ ಸೇರಿಸುವರು. ಈ ಅಳತೆಯು ಉಪ್ಪುನೀರಿಗೆ ಹೇಳಿದುದು. ಸಿಹಿನೀರು ಕೀಳಾದ ವಾಹಕವಾದುದರಿಂದ ಸರೋವರದಲ್ಲಿ ಅಪಾಯವು ಹೆಚ್ಚು. ಪ್ರವಾಹವು ಒಂದರಿಂದ ಮತ್ತೊಂದಕ್ಕೆ ಜಿಗಿಯದಂತೆ ದೋಣಿಯಲ್ಲಿನ ದೊಡ್ಡ ಲೋಹವಸ್ತುಗಳನ್ನೆಲ್ಲ ಪರಸ್ಪರ ಬೆಸೆದಿಡಬೇಕು. ಗುಡುಗುವಾಗ ಒಳಕೋಣೆಯಲ್ಲಿರುವುದೂ, ಕೂವೆಯನ್ನಾಗಲಿ ಅದನ್ನು ಬಿಗಿದ ತಂತಿಹಗ್ಗಗಳನ್ನಾಗಲಿ ಮುಟ್ಟದಿರುವುದೂ, ನೀರಿಗೆ ಕೈಯಿಡದಿರುವುದೂ ವಿವೇಕ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಕಳೆಯುವ ಪ್ರತಿ ಮೂರು ಸೆಕೆಂಡುಗಳಿಗೆ ಒಂದು ಕಿಲೋಮೀಟರು ದೂರವೆಂದು ಎಣಿಸಬಹುದು. ಒಳಕೋಣೆಯಿಲ್ಲದ ಚಿಕ್ಕ ದೋಣಿಗಳವರು, ನಮ್ಮ ಪಡುವಣ ಕರಾವಳಿಯ ಬೆಸ್ತರೂ ಸಹ, ಮೊದಲ ಗುಡುಗು ಕೇಳುವ ಮುನ್ನವೇ ದಡ ಸೇರುವುದು ಎಲ್ಲಕ್ಕಿಂತ ಲೇಸು.

ಯಾವ ಸಲಾಕೆಯೂ ಸಿಡಿಲನ್ನು ಹಿಂದಕ್ಕಟ್ಟಲಾರದು. ಅದು ಹಾನಿಮಾಡದೆ ಹಾದುಹೋಗಲು ದಾರಿಯನ್ನು ಮಾತ್ರ ತೋರಿಸಬಲ್ಲದು. ಆ ದಾರಿಯು ತುದಿಯಿಂದ ನೀರಿನವರೆಗೆ ಎಲ್ಲಿಯೂ ಕಡಿಯದೆ, ಆಕಾಶವು ತಿಳಿಯಾಗಿರುವ ದಿನವೇ ಸಿದ್ಧವಾಗಿರಬೇಕು. ಪೆಟ್ಟಿಗೆಯಲ್ಲಿರುವ ಸರಪಳಿಯು ಯಾರನ್ನೂ ಕಾಯದು.