ಪಟ್ಟಿ ಬದಿಗಿಡು, ಕಥೆ ಓದು

ಹಳೆಯ ಈಜಿಪ್ಟಿನ ಭಾಷೆ ಕಲಿಯಲು ಹೊರಟಿದ್ದೀಯ, ಬಹಳ ಸಂತೋಷ. ಆದರೆ ಕ್ರಿಯಾಪದದ ಪಟ್ಟಿಗಳನ್ನು ಉರು ಹೊಡೆಯಲು ಕೂರಬೇಡ.

ಆ ಬರಹದಲ್ಲಿ ಸ್ವರಗಳೇ ಇಲ್ಲ. ವ್ಯಾಕರಣಗಳು ಮಾದರಿಯಾಗಿ ಹಿಡಿಯುವ ‘ಕೇಳು’ ಎಂಬ ಧಾತುವಿನಲ್ಲಿ ನಮಗೆ ಉಳಿದಿರುವುದು ಮೂರು ವ್ಯಂಜನ ಮಾತ್ರ. ನಾಲಿಗೆ ಹೊರಳಲೆಂದು ‘ಸೆಜೆಮ್’ ಎನ್ನುತ್ತೇವೆ. ‘ಸೆಜೆಮ್-ಎಫ್’ ಎಂದರೆ ಅವನು ಕೇಳುತ್ತಾನೆ. ನಡುವೆ ‘ಎನ್’ ಬಂದು ‘ಸೆಜೆಮ್-ಎನ್-ಎಫ್’ ಆದರೆ ಅವನು ಕೇಳಿದ. ನಮ್ಮ ‘ಕೇಳಿದನು’ ಇದ್ದ ಹಾಗೆಯೇ ಇದೆಯಲ್ಲ ಎಂದು ನೆಮ್ಮದಿಯಾಗಿ ಇದ್ದುಬಿಡಬೇಡ. ಅಲ್ಲಿ ಕ್ರಿಯಾಪದವೇ ಮೊದಲು. ‘ಮನುಷ್ಯ’ ಎಂಬ ಕರ್ತೃಪದ ಅದರ ಹಿಂದೆ ಬಂದರೆ ‘ಎಫ್’ ಬಿದ್ದುಹೋಗುತ್ತದೆ.

ಇಲ್ಲ ಎನ್ನುವಾಗಲಂತೂ ಎಲ್ಲರೂ ಎಡವುತ್ತಾರೆ. ನಿಷೇಧದ ‘ನ್’ ಮುಂದೆ ಬಂದರೆ ಕಾಲವೇ ಅದಲುಬದಲು: ‘ಸೆಜೆಮ್-ಎಫ್’ ಆಗ ‘ಕೇಳಲಿಲ್ಲ’ ಆಗುತ್ತದೆ, ‘ಸೆಜೆಮ್-ಎನ್-ಎಫ್’ ‘ಕೇಳುವುದಿಲ್ಲ’ ಆಗುತ್ತದೆ. ಈ ಭಾಷೆಯ ವಿದ್ವಾಂಸ ಬ್ಯಾಟಿಸ್ಕೋಂಬ್ ಗನ್ 1924ರಲ್ಲಿ ಇದನ್ನು ಬಿಡಿಸಿಟ್ಟ. ಈ ಒಂದು ನಿಯಮವನ್ನು ಮಾತ್ರ ಬಾಯಿಪಾಠ ಮಾಡಿಕೋ.

ಇನ್ನು ‘ಸೆಜೆಮ್’ನಂಥ ಗಟ್ಟಿ ಧಾತುಗಳಲ್ಲಿ ಹಲವು ರೂಪಗಳು ಬರಹಕ್ಕೆ ಒಂದೇ ಥರ ಕಾಣುತ್ತವೆ. ಗುಟ್ಟು ಬಿಟ್ಟುಕೊಡುವುದು ದುರ್ಬಲ ಧಾತುಗಳು. ‘ಹೊರಡು’ ಎಂಬ ‘ಪೆರಿ’ಯನ್ನೇ ನೋಡು; ಒಂದು ಕಡೆ ಒಂದೇ ‘ರ್’, ಇನ್ನೊಂದು ಕಡೆ ಎರಡು. ಈ ಇಮ್ಮಡಿಗೆ ಏನು ಕೆಲಸ ಎಂಬುದನ್ನು 1944ರಲ್ಲಿ ಪೊಲೊಟ್ಸ್ಕಿ ಎಂಬ ವಿದ್ವಾಂಸ ತೋರಿಸಿದ: ಅಲ್ಲಿ ವಾಕ್ಯದ ಒತ್ತು ಕ್ರಿಯೆಯ ಮೇಲಲ್ಲ, ಎಲ್ಲಿಗೆ, ಯಾವಾಗ, ಹೇಗೆ ಎಂಬುದರ ಮೇಲೆ. ‘ಅವನು ನಿನ್ನೆ ಹೊರಟ’ ಎನ್ನುವುದಕ್ಕೂ ‘ಅವನು ಹೊರಟದ್ದು ನಿನ್ನೆ’ ಎನ್ನುವುದಕ್ಕೂ ಇರುವ ಅಂತರ ಕನ್ನಡದವಳಾದ ನಿನಗೆ ಹೇಳಿಕೊಡಬೇಕೇ? ಪೊಲೊಟ್ಸ್ಕಿಯ ವಾದವನ್ನು ಮುಂದಿನವರು ಪೂರ್ತಿ ಒಪ್ಪಲಿಲ್ಲ, ನಿಜ. ಆದರೂ ಅವನನ್ನು ದಾಟದೆ ಈ ಭಾಷೆಯ ಕ್ರಿಯಾಪದ ದಕ್ಕುವುದಿಲ್ಲ. ಗಾರ್ಡಿನರನ ವ್ಯಾಕರಣ 1927ರದು, ಪೊಲೊಟ್ಸ್ಕಿಗಿಂತ ಮುಂಚಿನದು. ಚಿಹ್ನೆಗಳ ಪಟ್ಟಿಗೆ, ಅಭ್ಯಾಸಗಳಿಗೆ ಇಂದಿಗೂ ಅದು ಬೇಕು. ಕ್ರಿಯಾಪದದ ವಿಷಯಕ್ಕೆ ಮಾತ್ರ ಜೇಮ್ಸ್ ಅಲೆನ್ ಪುಸ್ತಕ ತೆರೆ.

ವ್ಯಾಕರಣ ಪೂರ್ತಿ ಮುಗಿಯಲಿ ಎಂದು ಕಾಯದೆ ಹಡಗು ಒಡೆದ ನಾವಿಕನ ಕಥೆ ಹಿಡಿ. ಸುಮಾರು 4000 ವರ್ಷ ಹಳೆಯದು, ವಾಕ್ಯಗಳು ಸರಳ. ಪ್ರತಿ ಕ್ರಿಯಾಪದದ ಮುಂದೆ ನಿಂತು ನೋಡು: ಹಿಂದೆ ಕರ್ತೃ ಇದೆಯೇ, ನಡುವೆ ‘ಎನ್’ ಇದೆಯೇ, ಮುಂದೆ ನಿಷೇಧ ಇದೆಯೇ? ದಿನಕ್ಕೆ ನಾಲ್ಕು ಸಾಲು ಸಾಕು, ಇವತ್ತೇ ಶುರುಮಾಡು.